ಸಂಯೋಜಕ ಬದಲಾದರೆ ಆಟ ಬದಲಾಗುವುದೇ?

ನಮ್ಮ ಕಾಸರಗೋಡಿನಲ್ಲಿ ಫುಟ್‌ಬಾಲ್ ಎಂದೊಡನೆ ಕಣ್ಣಮುಂದೆ ಬರುವುದು ಗುಂಡಗಿನ ಚೆಂಡು, ಬೇಸಗೆಯ ರಾತ್ರಿಯಲ್ಲಿ ದೀಪಗಳ ಬೆಳಕಿನಲ್ಲಿ ನಡೆಯುವ ಸೆವೆನ್ಸ್ ಪಂದ್ಯ. ಈ ಲೇಖನದ ವಿಷಯ ಅದಲ್ಲ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ, ಅಂಡಾಕೃತಿಯ ಚೆಂಡನ್ನು ಬಹುಪಾಲು ಕೈಯಲ್ಲಿಯೇ ಹಿಡಿದು ಆಡುವ ಇನ್ನೊಂದು ಆಟದ ಬಗ್ಗೆ ಇಲ್ಲಿ ಹೇಳಹೊರಟಿದ್ದೇನೆ. ಆ ಆಟದ ವೃತ್ತಿಪರ ಲೀಗಿನಲ್ಲಿ ಪ್ರತಿ ಜನವರಿಯಲ್ಲಿಯೂ ಒಂದು ಚರ್ಚೆ ತಪ್ಪದೆ ಮೊದಲಾಗುತ್ತದೆ: ಇಂತಹ ತಂಡದ ಆಕ್ರಮಣ ವಿಭಾಗಕ್ಕೆ ಹೊಸ ಸಂಯೋಜಕರು ಬಂದಿದ್ದಾರೆ, ಇನ್ನು ತಂಡದ ಆಟ ಹೇಗಿರಬಹುದು? ಆಟಗಾರರು ಹೆಚ್ಚುಕಡಿಮೆ ಅವರೇ, ನಿಯಮಗಳೂ ಅವೇ. ಬದಲಾಗುವುದಾದರೂ ಏನು? ಕನ್ನಡ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಗಮನಿಸಬೇಕಾದದ್ದಕ್ಕೆ ಒಂದು ಕಾರಣವಿದೆ. ಮೊದಲು ಬದಲಾಗುವುದು ಆ ತಂಡದ ಭಾಷೆ.

ಆಟದ ಸ್ವರೂಪವನ್ನು ಚುಟುಕಾಗಿ ಹೇಳುತ್ತೇನೆ. ಪ್ರತಿ ಪಕ್ಷದಲ್ಲಿ 11 ಮಂದಿ. ಚೆಂಡು ಪಡೆದ ತಂಡ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ. ಒಂದೊಂದು ಪ್ರಯತ್ನವೂ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಬಳಿಕ ಎಲ್ಲರೂ ನಿಂತು ಮುಂದಿನ ನಡೆಗೆ ಸಿದ್ಧರಾಗುತ್ತಾರೆ. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ ಬರುತ್ತದೆ. ಅವನು ಅದನ್ನು ಓಟಗಾರನಿಗೆ ಕೊಡಬಹುದು, ದೂರದಲ್ಲಿರುವ ರಿಸೀವರ್‌ಗೆ ಎಸೆಯಬಹುದು, ತಾನೇ ಹಿಡಿದುಕೊಂಡು ಓಡಬಹುದು. ಆದರೆ ಯಾವ ನಡೆ ಎಂಬುದನ್ನು ಸಾಮಾನ್ಯವಾಗಿ ನಿರ್ಧರಿಸುವವನು ಅವನಲ್ಲ, ಸಂಯೋಜಕ. ಮೈದಾನದ ಅಂಚಿನಿಂದಲೋ ಮೇಲಿನ ಗಾಜಿನ ಕೋಣೆಯಿಂದಲೋ ಹೊರಟ ಆದೇಶ ಕ್ವಾರ್ಟರ್‌ಬ್ಯಾಕಿನ ಶಿರಸ್ತ್ರಾಣದೊಳಗಿರುವ ರೇಡಿಯೋ ಮೂಲಕ ಅವನ ಕಿವಿಗೆ ತಲುಪುತ್ತದೆ. ನಡೆಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೋ ತಾನಾಗಿ ಮೌನವಾಗುತ್ತದೆ. ಅಲ್ಲಿಂದಾಚೆಗೆ ಆಟಗಾರನ ಪ್ರಜ್ಞೆಯೇ ದಿಕ್ಕು.

ತೆಂಕುತಿಟ್ಟಿನ ಬಯಲಾಟ ನೋಡಿ ಬೆಳೆದವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಪ್ರಸಂಗ ಅದೇ, ವೇಷಧಾರಿಗಳು ಅವರೇ. ಆದರೆ ಭಾಗವತರು ಬದಲಾದ ರಾತ್ರಿ ಆಟದ ನಡಿಗೆಯೇ ಬೇರೆಯಾಗುವುದನ್ನು ನಾವು ಕಂಡಿದ್ದೇವೆ. ಯಾವ ಪದ್ಯವನ್ನು ಹಿಗ್ಗಿಸಬೇಕು, ಯಾವುದನ್ನು ಬಿಡಬೇಕು, ಎಲ್ಲಿ ತಾಳವನ್ನು ಏರಿಸಬೇಕು ಎಂಬುದೆಲ್ಲ ಅವರ ಕೈಯಲ್ಲಿದೆ. ಮಾತು ಮಾತ್ರ ಕಲಾವಿದನದು.

ಭಾಷೆಯ ವಿಚಾರಕ್ಕೆ ಬರೋಣ. ಅಮೆರಿಕದ ತಂಡಗಳಲ್ಲಿ ನಡೆಗಳನ್ನು ಹೆಸರಿಸುವ ಮೂರು ಮುಖ್ಯ ಸಂಪ್ರದಾಯಗಳಿವೆ. ಬಿಲ್ ವಾಲ್ಶ್ ಅವರ ಪರಂಪರೆಯಲ್ಲಿ ಒಂದು ಆದೇಶವೆಂದರೆ ಪದಗಳ ಸರಮಾಲೆ. ‘ಸ್ಪೈಡರ್ ಟೂ ವೈ ಬನಾನಾ’ ಎಂಬುದು ಅದರಲ್ಲಿ ಪ್ರಸಿದ್ಧವಾದ, ತಕ್ಕಮಟ್ಟಿಗೆ ಚಿಕ್ಕದೂ ಆದ ನಡೆ. ‘ಸ್ಪೈಡರ್ ಟೂ’ ಎಂಬುದು ಕ್ವಾರ್ಟರ್‌ಬ್ಯಾಕನ್ನು ಕಾಯುವ ವಿಧಾನವನ್ನು ಸೂಚಿಸುತ್ತದೆ, ‘ವೈ’ ಎಂದರೆ ಟೈಟ್ ಎಂಡ್ ಎಂಬ ಆಟಗಾರ, ‘ಬನಾನಾ’ ಎಂದರೆ ಅವನು ಬಾಳೆಹಣ್ಣಿನಂತೆ ಬಾಗಿದ ದಾರಿಯಲ್ಲಿ ಓಡಬೇಕು. ಇದೇ ಸಂಪ್ರದಾಯದ ದೀರ್ಘ ಆದೇಶಗಳನ್ನು ಕೇಳಿದರೆ ನಮ್ಮ ಚಂಪೂಕವಿಗಳ ಸಮಾಸಗಳು ನೆನಪಾಗುತ್ತವೆ. ಬಿಡಿಸಿದರೆ ಪ್ರತಿ ಪದಕ್ಕೂ ಅರ್ಥವಿದೆ, ಉಸಿರು ಮಾತ್ರ ಸಾಲದು. ಡಾನ್ ಕೊರಿಯಲ್ ಅವರ ಸಂಪ್ರದಾಯದಲ್ಲಿ ಪದಗಳಿಗಿಂತ ಅಂಕೆಗಳಿಗೆ ಪ್ರಾಧಾನ್ಯ. ಓಟದ ಒಂದೊಂದು ದಾರಿಗೂ ಒಂದೊಂದು ಅಂಕೆ. 9 ಎಂದರೆ ನೇರವಾಗಿ ಮುಂದಕ್ಕೆ. ಮೂರಂಕಿಯ ಸಂಖ್ಯೆಯೊಂದನ್ನು ಕೂಗಿದರೆ ಮೂವರು ರಿಸೀವರ್‌ಗಳೂ ತಂತಮ್ಮ ಅಂಕೆಯನ್ನು ಆಯ್ದುಕೊಳ್ಳುತ್ತಾರೆ. ಎರ್ಹಾರ್ಟ್ ಮತ್ತು ಪರ್ಕಿನ್ಸ್ ಎಂಬಿಬ್ಬರ ಹೆಸರಿನ ಮೂರನೆಯ ಸಂಪ್ರದಾಯದಲ್ಲಿ ಒಂದೇ ಪದ ಹಲವರ ಓಟವನ್ನು ಒಟ್ಟಿಗೆ ಸೂಚಿಸುತ್ತದೆ. ಅದು ನುಡಿಗಟ್ಟಿನಂತೆ: ಬಿಡಿಸಿದರೆ ಏನೂ ಸಿಕ್ಕುವುದಿಲ್ಲ, ಬಲ್ಲವರಿಗೆ ಪೂರ್ಣ ಅರ್ಥವಾಗುತ್ತದೆ. ಹೊಸ ಸಂಯೋಜಕ ಬಂದಾಗ ಅನುಭವಿ ಆಟಗಾರನೂ ಶಾಲೆಗೆ ಹೋಗುವ ಮಗುವಿನಂತೆ ಪದಕೋಶ ಕಲಿಯುತ್ತಾನೆ. ದೇಹಕ್ಕೆ ಗೊತ್ತಿರುವ ಓಟಕ್ಕೆ ಕಿವಿ ಬೇರೊಂದು ಹೆಸರನ್ನು ಕಲಿಯಬೇಕು. ಮೊದಲ ಪಂದ್ಯಗಳಲ್ಲಿ ಕಾಣುವ ತಡವರಿಕೆ ಬಹುಮಟ್ಟಿಗೆ ಇದರ ಫಲ.

ಇದಿಷ್ಟೇ ಆಗಿದ್ದರೆ ಬದಲಾವಣೆ ಬರಿಯ ಅನುವಾದವೆನಿಸುತ್ತಿತ್ತು. ಅದಕ್ಕಿಂತ ಆಳವಾಗಿ ಏನು ಬದಲಾಗುತ್ತದೆ ಎಂಬುದನ್ನು ತೋರಿಸಲು ಬಾಲ್ಟಿಮೋರ್ ರೇವನ್ಸ್ ತಂಡಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. (ಆ ಊರಿನಲ್ಲಿಯೇ ಸಮಾಧಿಯಾಗಿರುವ ಎಡ್ಗರ್ ಅಲನ್ ಪೋ ಅವರ ಕವಿತೆಯಿಂದ ಬಂದ ಹೆಸರು ಅದು; ಕವಿತೆಯ ಹೆಸರಿಟ್ಟುಕೊಂಡ ಕ್ರೀಡಾತಂಡ ಎಂಬ ಕಾರಣಕ್ಕೇ ಅದರ ಮೇಲೆ ನನಗೊಂದು ಪಕ್ಷಪಾತ.) ಅಲ್ಲಿ ಮುಖ್ಯ ತರಬೇತುದಾರ ಜಾನ್ ಹಾರ್ಬಾ ಬದಲಾಗಲಿಲ್ಲ, ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಬದಲಾಗಲಿಲ್ಲ, ಸಂಯೋಜಕರು ಎರಡು ಸಲ ಬದಲಾದರು. ಹಾರ್ಬಾ ತಾವೇ ನಡೆಗಳನ್ನು ಕೂಗುವವರಲ್ಲ. ಕ್ಯಾನ್ಸಸ್ ಸಿಟಿಯ ಆ್ಯಂಡಿ ರೀಡ್ ಅವರಂತೆ ಮುಖ್ಯ ತರಬೇತುದಾರರೇ ಆಕ್ರಮಣವನ್ನು ನಡೆಸುವಲ್ಲಿ ಸಂಯೋಜಕರ ಬದಲಾವಣೆಯಿಂದ ಅಷ್ಟು ವ್ಯತ್ಯಾಸ ಕಾಣಿಸದು.

ಜಾಕ್ಸನ್ 2016ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯಾದ ಹೈಸ್ಮನ್ ಪಡೆದವರು. ಆದರೂ 2018ರ ಆಯ್ಕೆಯಲ್ಲಿ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಬಂದ ಮೇಲೆ, ಮೊದಲ ಸುತ್ತಿನ ಕೊನೆಯವರಾಗಿ, 32ನೆಯ ಸ್ಥಾನದಲ್ಲಿ ಅವರ ಹೆಸರು ಬಂತು. ಓಟದಲ್ಲಿ ಅವರಿಗಿದ್ದ ಅಸಾಧಾರಣ ವೇಗವೇ ಅವರ ಮೇಲಿನ ಸಂಶಯಕ್ಕೆ ಕಾರಣವಾಯಿತು. ಅನೇಕ ತಂಡಗಳನ್ನು ಕಟ್ಟಿದ ಬಿಲ್ ಪೋಲಿಯನ್ ಅವರು ಜಾಕ್ಸನ್ ರಿಸೀವರ್ ಆಗುವುದೇ ಲೇಸೆಂದು ಬಹಿರಂಗವಾಗಿ ಹೇಳಿದ್ದರು. ತಮ್ಮ ಎಣಿಕೆ ತಪ್ಪಿತ್ತೆಂದು ಮರುವರ್ಷ ಒಪ್ಪಿಕೊಂಡರು. ಆ ನವೆಂಬರಿನಲ್ಲಿ ಹಿರಿಯ ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೋ ಸೊಂಟದ ಗಾಯದಿಂದ ಹೊರಗುಳಿದಾಗ ಜಾಕ್ಸನ್‌ಗೆ ಅವಕಾಶ ಸಿಕ್ಕಿತು. ಉಳಿದ ಏಳು ಪಂದ್ಯಗಳಲ್ಲಿ ಆರನ್ನು ತಂಡ ಗೆದ್ದಿತು. ಆದರೆ ಅಂದಿನ ಆಕ್ರಮಣ ಎಸೆತಗಾರ ಫ್ಲಾಕೋಗಾಗಿ ಹೊಲಿದ ಅಂಗಿ. ಋತುವಿನ ನಡುವೆ ಅದನ್ನೇ ಅಲ್ಲಲ್ಲಿ ಒತ್ತಿ ತೊಡಿಸಲಾಗಿತ್ತು. ಪ್ಲೇಆಫ್‌ನಲ್ಲಿ ಚಾರ್ಜರ್ಸ್ ತಂಡ ಹಗುರ ಮೈಯ, ವೇಗದ ಏಳು ಮಂದಿಯನ್ನು ರಕ್ಷಣೆಯ ಹಿಂಭಾಗದಲ್ಲಿ ನಿಲ್ಲಿಸಿ 23-17ರಿಂದ ಗೆದ್ದುಬಿಟ್ಟಿತು.

2019ರ ಜನವರಿಯಲ್ಲಿ ಗ್ರೆಗ್ ರೋಮನ್ ಸಂಯೋಜಕರಾದರು. ಅವರು ತಂಡದ ಆಕ್ರಮಣವನ್ನು ತಳಪಾಯದಿಂದಲೇ ಮತ್ತೆ ಕಟ್ಟಿದರು. ಕಟ್ಟಿದ ಬಗೆಯ ಹಿಂದೆ ಒಂದು ಸರಳ ಲೆಕ್ಕವಿದೆ. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಕೈಗಿತ್ತ ಮರುಕ್ಷಣ ಪ್ರೇಕ್ಷಕನಾಗುತ್ತಾನೆ. ಆಗ ಹನ್ನೊಂದು ರಕ್ಷಕರ ಎದುರು ಉಳಿಯುವುದು ಹತ್ತು ಮಂದಿ. ರೋಮನ್ ಅವರ ‘ರೀಡ್ ಆಪ್ಷನ್’ ನಡೆಗಳಲ್ಲಿ ಒಬ್ಬ ರಕ್ಷಕನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಾನೆ. ಅವನು ಓಟಗಾರನ ಮೇಲೆ ಬಿದ್ದರೆ ಚೆಂಡು ಕ್ವಾರ್ಟರ್‌ಬ್ಯಾಕಿನಲ್ಲಿಯೇ ಉಳಿಯುತ್ತದೆ. ನಿಂತಲ್ಲೇ ನಿಂತರೆ ಓಟಗಾರನಿಗೆ ಹೋಗುತ್ತದೆ. ಯಾರೂ ಮುಟ್ಟದೆಯೇ ಆ ರಕ್ಷಕ ಲೆಕ್ಕದಿಂದ ಹೊರಗಾಗುತ್ತಾನೆ. ಕ್ವಾರ್ಟರ್‌ಬ್ಯಾಕಿನ ಹಿಂದೆಯೇ ಓಟಗಾರ ನೇರವಾಗಿ ನಿಲ್ಲುವ ‘ಪಿಸ್ಟಲ್’ ವ್ಯೂಹವೂ ಇದಕ್ಕೆ ಒದಗಿಬಂತು, ಏಕೆಂದರೆ ಓಟ ಯಾವ ಬದಿಗೆ ಎಂಬ ಸುಳಿವನ್ನು ಅದು ಎದುರಾಳಿಗೆ ಕೊಡುವುದಿಲ್ಲ. ನೆವಾಡ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಆಲ್ಟ್ ರೂಪಿಸಿದ ಈ ವ್ಯೂಹದಲ್ಲಿ ಪಳಗಿದವರು ಕಾಲಿನ್ ಕೆಪರ್ನಿಕ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಸಂಯೋಜಕರಾಗಿದ್ದವರು ಇದೇ ರೋಮನ್. ಚಾರ್ಜರ್ಸ್‌ನ ಹಗುರ ರಕ್ಷಣೆಗೂ ಉತ್ತರ ಸಿದ್ಧವಾಯಿತು: ಮೂವರು ಟೈಟ್ ಎಂಡ್‌ಗಳು, ಜೊತೆಗೆ ಸುಮಾರು 300 ಪೌಂಡ್ ತೂಗುವ ಪ್ಯಾಟ್ರಿಕ್ ರಿಕಾರ್ಡ್ ಎಂಬ ಫುಲ್‌ಬ್ಯಾಕ್. ಭಾರವನ್ನು ಎದುರಿಸಲು ಎದುರಾಳಿಯೂ ಭಾರದವರನ್ನು ಕರೆದರೆ, ಅವರ ಬೆನ್ನ ಹಿಂದೆ ಎಸೆಯುವುದು ಸುಲಭ.

ಆ ವರ್ಷ ರೇವನ್ಸ್ 14 ಪಂದ್ಯ ಗೆದ್ದು ಎರಡನ್ನಷ್ಟೇ ಸೋತಿತು. ತಂಡ ಓಡಿದ್ದು 3,296 ಗಜ. 1978ರಿಂದ ಇದ್ದ ದಾಖಲೆ ಮುರಿಯಿತು. ಜಾಕ್ಸನ್ ಒಬ್ಬರೇ 1,206 ಗಜ ಓಡಿದರು, 36 ಟಚ್‌ಡೌನ್ ಎಸೆತಗಳಿಂದ ಲೀಗಿಗೇ ಮೊದಲಿಗರಾದರು. ರಿಸೀವರ್ ಆಗಬೇಕಿದ್ದ ಹುಡುಗನಿಗೆ ಅತ್ಯುತ್ತಮ ಆಟಗಾರ ಪ್ರಶಸ್ತಿ ಒಂದು ಮತವೂ ತಪ್ಪದೆ ಬಂತು.

ಆದರೆ ಈ ಕಟ್ಟಡದ ಬಿರುಕು ಅದೇ ಋತುವಿನ ಕೊನೆಯ ಪಂದ್ಯದಲ್ಲಿ ಕಂಡಿತು. ಟೆನೆಸಿ ಟೈಟನ್ಸ್ ಎದುರು 14-0 ಹಿಂದೆ ಬಿದ್ದಾಗ, ಗಡಿಯಾರವನ್ನು ನಿಧಾನವಾಗಿ ತಿನ್ನುತ್ತ ಮುನ್ನಡೆ ಕಾಯಲು ಹೇಳಿಮಾಡಿಸಿದ ಆಕ್ರಮಣಕ್ಕೆ ಬೆನ್ನಟ್ಟುವ ದಾರಿ ತಿಳಿಯಲಿಲ್ಲ. ಜಾಕ್ಸನ್ 59 ಸಲ ಎಸೆದರು. ತಂಡ 28-12ರಿಂದ ಸೋತಿತು. ಮುಂದಿನ ವರ್ಷಗಳಲ್ಲಿ ಎದುರಾಳಿಗಳು ಈ ಲೆಕ್ಕವನ್ನು ಕಲಿತರು, ಜಾಕ್ಸನ್‌ಗೆ ಗಾಯಗಳಾದವು. 2023ರ ಜನವರಿಯಲ್ಲಿ ರೋಮನ್ ಹುದ್ದೆ ತೊರೆದರು.

ಜಾರ್ಜಿಯಾ ವಿಶ್ವವಿದ್ಯಾಲಯದಿಂದ ಬಂದ ಟಾಡ್ ಮಂಕನ್ ಅದೇ ಲೆಕ್ಕವನ್ನು ಬೇರೆ ದಾರಿಯಿಂದ ಬಿಡಿಸಿದರು. ರೋಮನ್ ಜನರನ್ನು ನಡುವೆ ಒಟ್ಟುಗೂಡಿಸಿ ಒಬ್ಬನನ್ನು ವಂಚಿಸುತ್ತಿದ್ದರು. ಮಂಕನ್ ಮೂವರು ರಿಸೀವರ್‌ಗಳನ್ನು ಅಗಲವಾಗಿ ಹರಡಿ ಎದುರಾಳಿಗಳನ್ನು ಬದಿಗಳಿಗೆ ಎಳೆದರು. ನಡು ತೆರವಾದಾಗ ಓಟಕ್ಕೂ ಜಾಗ ಸಿಗುತ್ತದೆ. ಎದುರಾಳಿ ನಿಂತ ರೀತಿಯನ್ನು ನೋಡಿ ಕೂಗಿದ ನಡೆಯನ್ನೇ ಬದಲಿಸುವ ಹೆಚ್ಚಿನ ಸ್ವಾತಂತ್ರ್ಯ ಜಾಕ್ಸನ್‌ಗೆ ದೊರೆಯಿತು. ಭಾಗವತರು ಪದ್ಯ ಹೇಳಿ ಅರ್ಥವನ್ನು ಕಲಾವಿದನಿಗೆ ಬಿಟ್ಟಂತೆ. 2023ರಲ್ಲಿ ತಂಡ 13 ಪಂದ್ಯ ಗೆದ್ದಿತು, ಜಾಕ್ಸನ್‌ಗೆ ಎರಡನೆಯ ಸಲ ಅದೇ ಪ್ರಶಸ್ತಿ ಬಂತು. ಎಸೆತದ ಹೊಸ ಯುಗವೆಂದು ಎಲ್ಲರೂ ವರ್ಣಿಸಿದ ಆ ವರ್ಷವೂ ಓಟದಲ್ಲಿ ಲೀಗಿಗೆ ಮೊದಲಾದದ್ದು ರೇವನ್ಸ್ ತಂಡವೇ ಎಂಬುದನ್ನು ಮರೆಯಬಾರದು.

ಮರೆತವರು ಇದ್ದರು. 2024ರ ಜನವರಿ 28ರಂದು ಕ್ಯಾನ್ಸಸ್ ಸಿಟಿ ಎದುರಿನ ಕಾನ್ಫರೆನ್ಸ್ ಫೈನಲ್‌ನಲ್ಲಿ ರೇವನ್ಸ್ ತನ್ನ ಓಟಗಾರರಿಗೆ ಚೆಂಡು ಕೊಟ್ಟದ್ದು ಕೇವಲ ಆರು ಸಲ. ಅಂತರ ಎಂದೂ ಕೈಮೀರಿ ಬೆಳೆದಿರಲಿಲ್ಲ. ಕೊನೆಗೆ ಸೋತದ್ದು 17-10ರಿಂದ. ನನ್ನ ದೃಷ್ಟಿಯಲ್ಲಿ ಇದು ಹೊಸ ಸಂಯೋಜಕರಿಗೆ ಸಹಜವಾಗಿ ಒದಗುವ ಅಪಾಯ: ತಾನು ತಂದ ವಿದ್ಯೆಯ ಮೇಲಿನ ಪ್ರೀತಿಯಲ್ಲಿ, ತಾನು ಬರುವ ಮೊದಲೇ ಮನೆಯಲ್ಲಿದ್ದ ಸಿರಿ ಕಣ್ಣಿಗೆ ಬೀಳದಿರುವುದು.

ಮರುವರ್ಷ ಮಂಕನ್ ಅದನ್ನು ತಿದ್ದಿಕೊಂಡರು. ಡೆರಿಕ್ ಹೆನ್ರಿ ಎಂಬ ಬಲಿಷ್ಠ ಓಟಗಾರ ತಂಡಕ್ಕೆ ಸೇರಿ 1,921 ಗಜ ಓಡಿದರು. ರೋಮನ್ ಕಾಲದ ರಿಕಾರ್ಡ್ ಅವರ ಮುಂದೆ ದಾರಿ ಬಿಡಿಸಿದರು. ಜಾಕ್ಸನ್ 41 ಟಚ್‌ಡೌನ್ ಎಸೆದರು, ಎದುರಾಳಿಯ ಕೈಗೆ ಸಿಕ್ಕ ಎಸೆತಗಳು ನಾಲ್ಕು ಮಾತ್ರ. ಒಂದೇ ಋತುವಿನಲ್ಲಿ 4,000 ಗಜ ಎಸೆತ ಮತ್ತು 3,000 ಗಜ ಓಟ ಎರಡನ್ನೂ ಸಾಧಿಸಿದ ಮೊದಲ ತಂಡ ಅದಾಯಿತು. ರೋಮನ್ ಅವರ ಓಟ, ಮಂಕನ್ ಅವರ ಎಸೆತ ಎಂದು ಗೆರೆ ಎಳೆಯುವುದು ಆ ವರ್ಷದ ಮಟ್ಟಿಗೆ ಕಷ್ಟ.

ಆ ಋತುವಿನ ಕೊನೆ ಬಫಲೋದ ಹಿಮದಲ್ಲಾಯಿತು. ಒಂದೂವರೆ ನಿಮಿಷ ಉಳಿದಿರುವಾಗ ರೇವನ್ಸ್ 27-25ಕ್ಕೆ ಬಂದಿತ್ತು. ಸಮಗೊಳಿಸಲು ಎರಡು ಅಂಕದ ಒಂದು ನಡೆ ಬೇಕಿತ್ತು. ಕೂಗಿದ ನಡೆ ಸರಿಯಾಗಿತ್ತು. ಟೈಟ್ ಎಂಡ್ ಮಾರ್ಕ್ ಆ್ಯಂಡ್ರೂಸ್ ಅವರಿಗೆ ಬಿಡುವು ಸಿಕ್ಕಿತ್ತು, ಜಾಕ್ಸನ್ ಎಸೆದ ಚೆಂಡು ಅವರ ಕೈಯವರೆಗೂ ಬಂತು. ಕೈಯಿಂದ ಜಾರಿತು.