ಅಶ್ರುಮಾರ್ಗದ ಅಡಚಣೆಯೂ ಸ್ಟೆಂಟಿನ ಉಪಯೋಗವೂ

ದುಃಖವಾಗಲಿ ಹೊಗೆಯಾಗಲಿ ಇಲ್ಲದೆಯೂ ಕೆಲವರ ಕಣ್ಣುಗಳಲ್ಲಿ ಎಡೆಬಿಡದೆ ನೀರು ತುಂಬಿ ಕೆನ್ನೆಯ ಮೇಲೆ ಹರಿಯುವುದುಂಟು. ಇಂಥವರಲ್ಲಿ ಅನೇಕರಿಗೆ ಕಣ್ಣೀರಿನ ಉತ್ಪತ್ತಿ ಮಿತಿಮೀರಿರುವುದಿಲ್ಲ. ಅದು ಹರಿದುಹೋಗತಕ್ಕ ದಾರಿಯೇ ಮುಚ್ಚಿರುತ್ತದೆ. ಆ ದಾರಿಯಲ್ಲಿ ವೈದ್ಯರು ಇರಿಸುವ ಸ್ಟೆಂಟು, ಎಂದರೆ ಆಧಾರನಳಿಕೆ, ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸಲಾರದು ಎಂಬುದು ಇಲ್ಲಿಯ ವಿಚಾರ.

ಕಣ್ಣುಗುಳಿಯ ಹೊರಮೂಲೆಯ ಮೇಲ್ಭಾಗದಲ್ಲಿರುವ ಅಶ್ರುಗ್ರಂಥಿಯಿಂದ ಸ್ರವಿಸಿದ ನೀರು, ನಾವು ಎವೆಯಿಕ್ಕಿದಂತೆಲ್ಲ ಮೂಗಿನ ಕಡೆಯ ಮೂಲೆಗೆ ಬಂದು ಸೇರುತ್ತದೆ. ಅಲ್ಲಿ ಎರಡು ರೆಪ್ಪೆಗಳ ಅಂಚಿನಲ್ಲಿಯೂ ಒಂದೊಂದು ಸೂಕ್ಷ್ಮ ರಂಧ್ರವಿದೆ. ಅದರ ಅಗಲ ಸುಮಾರು ೦.೩ ಮಿಲಿಮೀಟರು. ಅವುಗಳಿಂದ ಹೊರಟ ಕಿರುನಾಳಗಳು ಸುಮಾರು ೧೦ ಮಿಲಿಮೀಟರು ಸಾಗಿ ಅಶ್ರುಕೋಶವನ್ನು ಸೇರುತ್ತವೆ. ಕೋಶದಿಂದ ಇಳಿಯುವ ನಾಳ ಎಲುಬಿನ ನಡುವೆ ಹಾದು ಮೂಗಿನೊಳಗೆ ತೆರೆಯುತ್ತದೆ. ಕಣ್ಣಿಗೆ ಹಾಕಿದ ಔಷಧದ ಕಹಿ ಗಂಟಲಿಗೆ ತಿಳಿಯುವುದು ಈ ಕಾರಣದಿಂದಲೇ.

ಹಸುಗೂಸುಗಳಲ್ಲಿ ನಾಳದ ಕೆಳತುದಿಯ ತೆಳುಪೊರೆ ತೆರೆಯದೆ ಉಳಿಯುವುದು ಅಡಚಣೆಗೆ ಸಾಮಾನ್ಯ ಕಾರಣ. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ವರ್ಷ ತುಂಬುವುದರೊಳಗೆ ಇದು ತಾನಾಗಿ ನಿವಾರಣೆಯಾಗುತ್ತದೆ; ಕ್ರಿಗ್ಲರ್ ೧೯೨೩ರಲ್ಲಿ ವಿವರಿಸಿದಂತೆ ಕೋಶದ ಮೇಲೆ ಬೆರಳಿನಿಂದ ಒತ್ತಿ ನೀವುವುದು ಇದಕ್ಕೆ ಸಹಾಯಕ. ಉಳಿದವರಿಗೆ ಶಲಾಕೆಯನ್ನು ಹಾಯಿಸಿ ಪೊರೆಯನ್ನು ಭೇದಿಸುವರು. ವಯಸ್ಕರ ವಿಷಯ ಬೇರೆ. ಅವರಲ್ಲಿ ಉರಿಯೂತದಿಂದ ನಾಳವೇ ಕಿರಿದಾಗಿ ಮುಚ್ಚಿಹೋಗುತ್ತದೆ. ನಿಂತ ನೀರಿನಲ್ಲಿ ಸೋಂಕು ಬೆಳೆದು ಕೋಶದಲ್ಲಿ ಕೀವು ಕಟ್ಟುತ್ತದೆ. ಇಂಥ ಕಣ್ಣಿಗೆ ಕಣ್ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರೆ ಸೋಂಕು ಒಳಹೊಕ್ಕು ದೃಷ್ಟಿಯೇ ನಷ್ಟವಾಗಬಹುದು. ನಮ್ಮ ದೇಶದಲ್ಲಿ ಆ ಚಿಕಿತ್ಸೆಗೆ ಮುನ್ನ ನಾಳದೊಳಗೆ ನೀರು ಹಾಯಿಸಿ ನೋಡುವ ರೂಢಿ ಇರುವುದು ಇದರಿಂದಲೇ. ವಯಸ್ಕರಿಗೆ ಮುಖ್ಯ ಪರಿಹಾರ ಇಟಲಿಯ ಟೋಟಿ ೧೯೦೪ರಲ್ಲಿ ವರ್ಣಿಸಿದ ಕ್ರಮ: ಎಲುಬಿನಲ್ಲಿ ಕಿಂಡಿ ತೆರೆದು ಕೋಶವನ್ನು ನೇರವಾಗಿ ಮೂಗಿಗೆ ಕೂಡಿಸುವುದು.

ಆದರೆ ಶರೀರಕ್ಕೆ ಗಾಯವನ್ನು ಮುಚ್ಚುವುದೇ ಸ್ವಭಾವ. ನಾವು ತೆರೆದ ದಾರಿಯೂ ಅದಕ್ಕೆ ಗಾಯವೇ. ಇಲ್ಲಿ ಸ್ಟೆಂಟಿನ ಅವಶ್ಯಕತೆ ಒದಗುತ್ತದೆ. ಕ್ರಾಫರ್ಡ್ ೧೯೭೭ರಲ್ಲಿ ಪ್ರಚಾರಕ್ಕೆ ತಂದ ಸಾಧನದಲ್ಲಿ ಸಿಲಿಕೋನಿನ ನಯವಾದ ಎಳೆಯ ಎರಡು ತುದಿಗಳಿಗೂ ಲೋಹದ ಶಲಾಕೆಗಳಿವೆ. ಒಂದನ್ನು ಮೇಲಿನ ರಂಧ್ರದಿಂದಲೂ ಇನ್ನೊಂದನ್ನು ಕೆಳಗಿನ ರಂಧ್ರದಿಂದಲೂ ಇಳಿಸಿ, ಮೂಗಿನಲ್ಲಿ ಹಿಡಿದೆಳೆದು, ಎಳೆಯ ತುದಿಗಳನ್ನು ಗಂಟುಹಾಕುವರು. ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಅದನ್ನು ಬಿಟ್ಟಿರುತ್ತಾರೆ. ಕಣ್ಣೀರು ಇದರೊಳಗೆ ಹರಿಯುತ್ತದೆಂದು ಅನೇಕರು ಭಾವಿಸುವುದುಂಟು, ಅದು ಸರಿಯಲ್ಲ. ನೀರು ಹರಿಯುವುದು ಎಳೆಯ ಪಕ್ಕದಲ್ಲಿ. ಕಮಾನು ಕಟ್ಟುವಾಗ ಗಾರೆ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಮರದ ಆಸರೆಗೆ ಇದನ್ನು ಹೋಲಿಸಬಹುದು. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ಬಿಗಿಯಾಗಿ ಕಟ್ಟಿದರೆ ರಂಧ್ರದ ಅಂಚು ಸೀಳುತ್ತದೆ. ಬಹುಕಾಲ ಬಿಟ್ಟರೆ ಸುತ್ತಲೂ ಮಾಂಸಾಂಕುರ ಬೆಳೆಯುತ್ತದೆ. ಟೋಟಿಯ ಕ್ರಮದ ನಂತರ ಎಲ್ಲ ರೋಗಿಗಳಿಗೂ ಇದನ್ನಿಡುವುದು ಅಗತ್ಯವೇ ಎಂಬಲ್ಲಿ ಒಮ್ಮತವಿಲ್ಲ. ಇಟ್ಟರೂ ಬಿಟ್ಟರೂ ಹೆಚ್ಚಿನ ಭೇದ ಕಾಣದ ಪರೀಕ್ಷೆಗಳು ಹಲವು.

ಈ ತತ್ತ್ವಕ್ಕೆ ವಿರುದ್ಧವಾದ ಪ್ರಯತ್ನವೂ ನಡೆಯಿತು. ಕೊರಿಯಾದ ಸಾಂಗ್ ೧೯೯೦ರ ದಶಕದಲ್ಲಿ ಪಾಲಿಯುರೇಥೇನಿನ ಟೊಳ್ಳು ನಳಿಕೆಯನ್ನು ಕ್ಷಕಿರಣದ ನೆರವಿನಿಂದ ನಾಳದೊಳಗೇ ಕೂರಿಸಿದರು. ಎಲುಬು ಕೊರೆಯುವ ಪ್ರಮೇಯವಿಲ್ಲದುದರಿಂದ ಅದು ಆಕರ್ಷಕವಾಗಿತ್ತು. ಮೊದಲ ಫಲವೂ ಚೆನ್ನಾಗಿತ್ತು. ಕಾಲಕ್ರಮದಲ್ಲಿ ಲೋಳೆಯೂ ಮಾಂಸಾಂಕುರವೂ ನಳಿಕೆಯನ್ನೇ ಮುಚ್ಚತೊಡಗಿದವು. ಶಾಶ್ವತವಾಗಿ ನಿಂತು ನೀರನ್ನು ಒಳಗೇ ಹರಿಸುವ ನಳಿಕೆಯೆಂದರೆ ಜೋನ್ಸ್ ೧೯೬೨ರಲ್ಲಿ ಸೂಚಿಸಿದ ಪೈರೆಕ್ಸ್ ಗಾಜಿನದು. ಕಿರುನಾಳಗಳೇ ನಾಶವಾದವರಿಗೆ ಅದನ್ನು ಕಣ್ಣಿನ ಮೂಲೆಯಿಂದ ಮೂಗಿಗೆ ಹಾಕುವರು. ಅದು ಸರಿದುಹೋಗದಂತೆಯೂ ಕಟ್ಟದಂತೆಯೂ ಜೀವಮಾನವೆಲ್ಲ ನೋಡಿಕೊಳ್ಳಬೇಕು.

ಸ್ತನದ ಅರ್ಬುದಕ್ಕೆ ಕೊಡುವ ಡೊಸಿಟ್ಯಾಕ್ಸೆಲ್ ಔಷಧದಿಂದ, ವಿಶೇಷವಾಗಿ ಅದನ್ನು ವಾರವಾರವೂ ಕೊಟ್ಟಾಗ, ಕಿರುನಾಳಗಳು ಕುಗ್ಗುವುದುಂಟು. ಇಂಥ ರೋಗಿಗೆ ಕಣ್ಣಿನಲ್ಲಿ ನೀರು ಬರತೊಡಗಿದೊಡನೆ ಸಿಲಿಕೋನಿನ ಎಳೆಯನ್ನಿಟ್ಟರೆ ನಾಳಗಳು ಉಳಿಯುತ್ತವೆ, ಅರ್ಬುದದ ಔಷಧವನ್ನೂ ನಿಲ್ಲಿಸಬೇಕಾಗುವುದಿಲ್ಲ. ಪೂರ್ತಿ ಮುಚ್ಚಿದ ಮೇಲೆ ಬಂದವರಿಗೆ ಹಲವು ವೇಳೆ ಗಾಜಿನ ನಳಿಕೆಯೇ ಗತಿ.