ಗಾಳಿಗೆ ದಾರಿ ಬಿಡುವ ಬೇಲಿ

ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿ ಯಾವ ಕಾಮಗಾರಿ ಆರಂಭವಾದರೂ ಮೊದಲು ಏಳುವುದು ಬೇಲಿ. ಗಾಳಿ ಜೋರಾದಾಗ ಮೊದಲು ಬೀಳುವುದೂ ಅದೇ. ಕಟ್ಟಡದ ಅಡಿಪಾಯಕ್ಕೂ ಕಂಬಕ್ಕೂ ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು ಎಂದು ಲೆಕ್ಕ ಹಾಕುವ ಗುತ್ತಿಗೆದಾರರು ಅದರ ಸುತ್ತ ಕೆಲವು ತಿಂಗಳು ಮಾತ್ರ ನಿಲ್ಲಬೇಕಾದ ತಗಡಿನ ತಡೆಗೆ ಅಂಥ ಲೆಕ್ಕ ಬೇಕೆಂದು ಭಾವಿಸುವುದು ಕಡಿಮೆ. ಆದರೆ ಆಳವಾದ ಗುಂಡಿಗೆ ಮಕ್ಕಳೂ ದನಕರುಗಳೂ ಬೀಳದಂತೆ ತಡೆಯುವುದು, ಸಾಮಗ್ರಿಯನ್ನು ಕಾಯುವುದು, ಧೂಳು ನೆರೆಮನೆಗಳಿಗೆ ಹಾರದಂತೆ ನೋಡಿಕೊಳ್ಳುವುದು ಈ ಬೇಲಿಯ ಹೊಣೆಯಾಗಿರುವುದರಿಂದ, ಅದು ಗಾಳಿಗೆ ಮಗುಚಿ ದಾರಿಹೋಕರ ಮೇಲೆ ಬಿದ್ದರೆ ಕಾಯಬೇಕಾದ ವಸ್ತುವೇ ಅಪಾಯವಾಗುತ್ತದೆ.

ಈ ಜಿಲ್ಲೆಯಲ್ಲಿ ಆ ಅಪಾಯ ಹೆಚ್ಚಾಗಿರುವುದಕ್ಕೆ ಭೂಗೋಳವೇ ಕಾರಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಸಹ್ಯಾದ್ರಿಯ ಮಳೆನೆರಳಿನಲ್ಲಿವೆ. ಅಂದರೆ ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಮುಂಗಾರಿನ ಮಾರುತವು ತನ್ನ ನೀರಿನ ಬಹುಪಾಲನ್ನು ಘಟ್ಟದ ಮೇಲೆ ಸುರಿಸಿ, ವೇಗವನ್ನು ಮಾತ್ರ ಉಳಿಸಿಕೊಂಡು ಇತ್ತ ಬರುತ್ತದೆ. ಆಷಾಢದ ಗಾಳಿ ಎಂದು ಜನ ಕರೆಯುವ ಈ ಬೀಸು ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ದಿಕ್ಕಿನಿಂದ ಹಗಲಿರುಳು ಹೊಡೆಯುತ್ತದೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯ ಸಾಲಿನಲ್ಲೂ ಹೊಸದುರ್ಗದ ಗುಡ್ಡಗಳ ಮೇಲೂ ಗಾಳಿಯಂತ್ರಗಳು ನಿಂತಿರುವುದು ಈ ಮಾರುತವನ್ನು ನಂಬಿಯೇ. ಏಪ್ರಿಲ್ ಮತ್ತು ಮೇ ತಿಂಗಳ ತೊಂದರೆ ಬೇರೆ ಬಗೆಯದು. ಆಗ ಬಿಸಿಲಿಗೆ ಕಾದ ನೆಲದ ಮೇಲೆ ಸಂಜೆಯ ಹೊತ್ತಿಗೆ ಗುಡುಗಿನ ಮೋಡ ಕಟ್ಟಿ, ಅದರಿಂದ ಕೆಳಕ್ಕೆ ಬೀಳುವ ತಂಪು ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆಗೆ ಚದುರುವುದರಿಂದ, ಬಿರುಗಾಳಿ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಹೀಗಾಗಿ ಪಶ್ಚಿಮಕ್ಕೆ ಮಾತ್ರ ಆಸರೆ ಕೊಟ್ಟ ಬೇಲಿ ಮುಂಗಾರಿಗೆ ನಿಂತರೂ ಮೇ ತಿಂಗಳ ಒಂದು ಸಂಜೆಗೆ ಉರುಳಬಹುದು.

ಬೇಲಿ ಬೇಕಾಗುವ ಕೆಲಸಗಳಿಗೂ ಇಲ್ಲಿ ಕೊರತೆಯಿಲ್ಲ. ಬೆಂಗಳೂರು–ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳ ಮೂಲಕ ಹಾದುಹೋಗುತ್ತದೆ. ತುಮಕೂರು–ದಾವಣಗೆರೆ ಹೊಸ ರೈಲುಮಾರ್ಗವೂ ಇದೇ ಎರಡು ಊರುಗಳನ್ನು ಪೋಣಿಸುತ್ತದೆ. 2023–24ರ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾದ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳಿಗಾಗಿ ಜಿಲ್ಲೆಯ ಹೊಲಗಳ ನಡುವೆ ಆಳವಾದ ಕಡಿತಗಳನ್ನು ತೋಡಲಾಗಿದೆ. ಇವುಗಳೊಂದಿಗೆ ಪಟ್ಟಣಗಳ ಮನೆ, ಮಳಿಗೆ, ಶಾಲೆಗಳ ಕೆಲಸವನ್ನೂ ಸೇರಿಸಿದರೆ ತಾತ್ಕಾಲಿಕ ಬೇಲಿ ಕಾಣದ ರಸ್ತೆ ಅಪರೂಪ.

ಗಾಳಿ ಬೇಲಿಯ ಮೇಲೆ ಹಾಕುವ ಒತ್ತಡವು ಅದರ ವೇಗಕ್ಕೆ ಸಮನಾಗಿ ಏರದೆ, ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ ಅನುಗುಣವಾಗಿ ಏರುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗವು, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದ ವೇಗದ ವರ್ಗವನ್ನು 0.6ರಿಂದ ಗುಣಿಸಿ, ಒಂದು ಚದರ ಮೀಟರಿನ ಮೇಲಿನ ಒತ್ತಡವನ್ನು ನ್ಯೂಟನ್‌ಗಳಲ್ಲಿ ಕಂಡುಕೊಳ್ಳುತ್ತದೆ. ಈ ಲೆಕ್ಕದಂತೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯು ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಂ ತೂಕದಷ್ಟು ಒತ್ತಿದರೆ, ಅದರ ಇಮ್ಮಡಿಯಾದ 72 ಕಿಲೋಮೀಟರ್ ವೇಗದಲ್ಲಿ ಒತ್ತಡವು ನಾಲ್ಕು ಪಟ್ಟಾಗಿ 24 ಕಿಲೋಗ್ರಾಂ ಮುಟ್ಟುತ್ತದೆ. ಇದೇ ಮಾನಕವು ಬೆಂಗಳೂರು, ಮೈಸೂರುಗಳನ್ನು ದೇಶದ ಆರು ವಲಯಗಳಲ್ಲಿ ಅತಿ ಕಡಿಮೆಯದಾದ ಸೆಕೆಂಡಿಗೆ 33 ಮೀಟರಿನ ವಲಯಕ್ಕೆ ಸೇರಿಸಿದೆ. ಆ ವಲಯದಲ್ಲಿಯೂ ತಾತ್ಕಾಲಿಕ ರಚನೆಗಳಿಗೆ ಹಾಗೂ ಆವರಣ ಗೋಡೆಗಳಿಗೆ 0.82ರ ರಿಯಾಯಿತಿ ಗುಣಕವನ್ನು ಹಿಡಿದ ಮೇಲೆ ಗಂಟೆಗೆ 97 ಕಿಲೋಮೀಟರಿನಷ್ಟು ಬೀಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಇನ್ನೂ ಚುರುಕಾಗುವುದರಿಂದ ವೇಗವನ್ನು 1.36 ಪಟ್ಟಿನವರೆಗೆ ಏರಿಸಿಕೊಳ್ಳುವಂತೆಯೂ ಮಾನಕ ಹೇಳುತ್ತದೆ.

ಈ ಅಂಕಿಗಳನ್ನು ಒಂದು ಚೌಕಟ್ಟಿಗೆ ಅನ್ವಯಿಸಿ ನೋಡಬಹುದು. 3 ಮೀಟರ್ ಉದ್ದ, 2 ಮೀಟರ್ ಎತ್ತರದ ಕಬ್ಬಿಣದ ಚೌಕಟ್ಟಿಗೆ ತಗಡಿನ ಶೀಟನ್ನು ಪೂರ್ತಿಯಾಗಿ ಹೊಡೆದು ನಿಲ್ಲಿಸಿದರೆ, ಗಂಟೆಗೆ 72 ಕಿಲೋಮೀಟರ್ ಗಾಳಿಯಲ್ಲಿ ಮುಂಬದಿಯ ಒತ್ತಡಕ್ಕೆ ಹಿಂಬದಿಯ ಸೆಳೆತವೂ ಸೇರಿ ಅದರ ಮೇಲೆ ಸುಮಾರು 175 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೀಳುತ್ತದೆ. ಆ ಬಲ ಕೆಲಸ ಮಾಡುವುದು ಚೌಕಟ್ಟಿನ ನಡುವೆ, ನೆಲದಿಂದ 1 ಮೀಟರ್ ಎತ್ತರದಲ್ಲಾದ್ದರಿಂದ ಬುಡವನ್ನು ಆಧಾರವಾಗಿಟ್ಟುಕೊಂಡು ಅದು ಬೇಲಿಯನ್ನು ಮಗುಚಲು ಯತ್ನಿಸುತ್ತದೆ. ಬುಡದ ಕಾಂಕ್ರೀಟ್ ದಿಮ್ಮಿ ಇತ್ತ 30, ಅತ್ತ 30 ಸೆಂಟಿಮೀಟರ್ ಮಾತ್ರ ಚಾಚಿದ್ದರೆ, ಮಗುಚದೆ ನಿಲ್ಲಲು 580 ಕಿಲೋಗ್ರಾಂಗೂ ಹೆಚ್ಚು ಭಾರ ಬೇಕು. ಅಷ್ಟನ್ನು ಯಾರೂ ಹೇರುವುದಿಲ್ಲ. ಅದರ ಬದಲು ಹಿಂಬದಿಗೆ ಓರೆಯಾಗಿ ಪೈಪಿನ ಆಸರೆ ಕೊಟ್ಟು, ಅದರ ಕಾಲನ್ನು ಬೇಲಿಯಿಂದ 1.5 ಮೀಟರ್ ದೂರಕ್ಕೆ ಒಯ್ದರೆ 120 ಕಿಲೋಗ್ರಾಂ ಸಾಕಾಗುತ್ತದೆ, ಸುರಕ್ಷತೆಗೆಂದು ಅರ್ಧದಷ್ಟು ಕೂಡಿಸಿಕೊಂಡರೆ 180. ಮರಳು ತುಂಬಿದ ನಾಲ್ಕು ಚೀಲಗಳಲ್ಲಿ ಮುಗಿಯುವ ಮಾತು ಇದು. ಗಾಳಿ ಎರಡೂ ಕಡೆಯಿಂದ ಬರಬಹುದಾದ್ದರಿಂದ ಇಷ್ಟೇ ಭಾರವನ್ನು ಬೇಲಿಯ ಬುಡಕ್ಕೂ ಆಸರೆಯ ಕಾಲಿಗೂ ಪ್ರತ್ಯೇಕವಾಗಿ ಹೇರಬೇಕು. ಸಾಲಿನ ತುದಿಗಳಲ್ಲಿ ಒತ್ತಡ ಹೆಚ್ಚಿರುವುದರಿಂದ ಕೊನೆಯ ಚೌಕಟ್ಟುಗಳಿಗೂ ಗೇಟಿನ ಇಕ್ಕೆಲಗಳಿಗೂ ಹೆಚ್ಚುವರಿ ಆಸರೆ ಸಲ್ಲಬೇಕು, ಸಾಲನ್ನು ಮೂಲೆಯಲ್ಲಿ ಒಂದಷ್ಟು ಮಡಚಿ ತಿರುಗಿಸಿದರೆ ಅದರ ಬಲ ತಾನೇ ಹೆಚ್ಚುತ್ತದೆ.

ಬರಿ ಜಾಲರಿಯ ಚೌಕಟ್ಟಿನ ಮೂಲಕ ಗಾಳಿ ಸಲೀಸಾಗಿ ಹಾದುಹೋಗುವುದರಿಂದ ಅದಕ್ಕೆ ಇಷ್ಟು ಭಾರ ಬೇಕಿಲ್ಲ. ತೊಂದರೆ ಶುರುವಾಗುವುದು ಜಾಲರಿಗೆಂದು ಲೆಕ್ಕ ಹಾಕಿ ನಿಲ್ಲಿಸಿದ ಬೇಲಿಗೆ ಆಮೇಲೆ ಹಸಿರು ಬಲೆಯನ್ನೋ ಟಾರ್ಪಾಲನ್ನೋ ಫ್ಲೆಕ್ಸನ್ನೋ ಹೊದಿಸಿದಾಗ. ಹೊದಿಕೆ ಬಿದ್ದ ಕೂಡಲೇ ಬೇಲಿ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ, ಕಾಲುಗಳ ಭಾರ ಮಾತ್ರ ಮೊದಲಿನಷ್ಟೇ ಇರುತ್ತದೆ. ಬಿಲ್ಡರ್‌ನ ಜಾಹೀರಾತಾಗಲಿ, ಹಬ್ಬದ ಶುಭಾಶಯವಾಗಲಿ, ರಾಜಕೀಯ ನಾಯಕರ ಚಿತ್ರವಾಗಲಿ ಬೇಲಿಯ ಮೇಲೆ ಏರುವ ಮುನ್ನ ಆಸರೆಯ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕೆಂಬುದು ಇದರಿಂದ ಹೊರಡುವ ಮೊದಲ ನಿಯಮ.

ಧೂಳಿನ ಮಾತು ಬಂದಾಗ ಕಿಂಡಿಯಿಲ್ಲದ ತಗಡೇ ಲೇಸೆಂದು ತೋರುವುದು ಸಹಜವಾದರೂ ಗಾಳಿಯ ನಡೆ ಹಾಗಿಲ್ಲ. ಗಟ್ಟಿಯಾದ ಗೋಡೆಗೆ ಬಡಿದ ಗಾಳಿ ಅದರ ನೆತ್ತಿಯ ಮೇಲಿಂದ ಹಾರಿ ಹಿಂಬದಿಯಲ್ಲಿ ಸುಳಿಯಾಗಿ ತಿರುಗಿ ಬೀಳುತ್ತದೆ, ಅಲ್ಲಿ ರಾಶಿ ಹಾಕಿದ ಎಂ-ಸ್ಯಾಂಡ್ ಅಥವಾ ಜಲ್ಲಿಪುಡಿಯನ್ನು ಕೆದಕಿ ಮೇಲೆತ್ತುತ್ತದೆ. ಅರ್ಧದಷ್ಟು ಕಿಂಡಿಯಿರುವ ತಡೆಯಾದರೆ ಗಾಳಿಯ ಒಂದು ಭಾಗವನ್ನು ವೇಗ ತಗ್ಗಿಸಿ ಒಳಗೆ ಬಿಟ್ಟುಕೊಳ್ಳುವುದರಿಂದ ಸುಳಿ ಬಲಗುಂದಿ, ಬೇಲಿಯ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ತಗ್ಗಿರುತ್ತದೆ. ರೈತರು ಹೊಲದ ಅಂಚಿಗೆ ಸರ್ವೆಯ ಸಾಲನ್ನು ಬೆಳೆಸಿ ಬೆಳೆಗೆ ಮರೆ ಮಾಡಿಕೊಳ್ಳುವುದೂ, ತೆಂಗಿನ ಗರಿ ಹೆಣೆದ ತಡಿಕೆ ಗಾಳಿಯಲ್ಲಿ ತಗಡಿಗಿಂತ ಕಡಿಮೆ ಒದ್ದಾಡುವುದೂ ಇದೇ ತತ್ವದಿಂದ. ನಿರ್ಮಾಣದ ಧೂಳನ್ನು ಕುರಿತು ಕೇಂದ್ರ ಪರಿಸರ ಸಚಿವಾಲಯವು 2018ರ ಜನವರಿಯಲ್ಲಿ ತಂದ ತಿದ್ದುಪಡಿಯು ಕಟ್ಟಡದ ಎತ್ತರದ ಮೂರನೆಯ ಒಂದು ಭಾಗದಷ್ಟು, ಗರಿಷ್ಠ 10 ಮೀಟರ್‌ವರೆಗಿನ ಗಾಳಿತಡೆಯನ್ನು ವಿಧಿಸಿ, ಮಣ್ಣು ಮರಳುಗಳ ರಾಶಿಯನ್ನು ಮುಚ್ಚಿಡಬೇಕೆಂದೂ ನೀರು ಚಿಮುಕಿಸಬೇಕೆಂದೂ ಹೇಳುತ್ತದೆ. ಬೇಲಿಯೊಂದೇ ಧೂಳನ್ನು ತಡೆಯಲಾರದು, ರಾಶಿಯನ್ನು ಮುಚ್ಚದಿದ್ದರೆ ಅದರ ಶ್ರಮ ವ್ಯರ್ಥ ಎಂಬುದು ಇದರ ತಾತ್ಪರ್ಯ.

ಬಿಸಿಲು ಗಾಳಿಯಷ್ಟು ಸದ್ದು ಮಾಡದೆ ಬೇಲಿಯನ್ನು ಸವೆಸುತ್ತದೆ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ತನ್ನ ಉದ್ದದ ದಶಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುವುದರಿಂದ, ಮುಂಜಾವಿಗೂ ನಡುಹಗಲಿಗೂ ನಡುವೆ ತಗಡಿನ ಉಷ್ಣತೆ 40 ಡಿಗ್ರಿ ಏರಿದರೆ 100 ಮೀಟರ್ ಉದ್ದದ ಸಾಲು ಸುಮಾರು 5 ಸೆಂಟಿಮೀಟರ್ ಬೆಳೆಯಲು ಹವಣಿಸುತ್ತದೆ. ಎಡೆಯಿಲ್ಲದೆ ಬಿಗಿದಿದ್ದರೆ ತಗಡು ಉಬ್ಬಿ ತಿರುಪುಮೊಳೆಗಳ ರಂಧ್ರ ಅಗಲವಾಗುತ್ತದೆ, ಅಗಲವಾದ ರಂಧ್ರದಲ್ಲಿ ಶೀಟು ಪಟಪಟ ಬಡಿದು ಕೊನೆಗೆ ಕಿತ್ತುಬರುತ್ತದೆ. ಹೆಂಚಿನಂತೆ ಒಂದರ ಮೇಲೊಂದು ಕೂರುವ ಶೀಟುಗಳ ನಡುವೆ ಸರಿದಾಡಲು ಜಾಗ ಬಿಡುವುದೂ, ಮೊಳೆಗೆ ಅಗಲ ವಾಷರ್ ಹಾಕುವುದೂ ಇದಕ್ಕೆ ಪರಿಹಾರ. ಕಬ್ಬಿಣ ಕಟ್ಟಲು ಬಳಸುವ ಬೈಂಡಿಂಗ್ ತಂತಿಯಿಂದ ಶೀಟು ಬಿಗಿಯುವ ರೂಢಿಯಿದ್ದರೂ ಗಾಳಿಯ ಅಲುಗಾಟಕ್ಕೆ ಆ ತಂತಿ ಮತ್ತೆ ಮತ್ತೆ ಬಾಗಿ ತುಂಡಾಗುವುದರಿಂದ ಅದನ್ನು ನಂಬುವಂತಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಪ್ಲಾಸ್ಟಿಕ್ ಚೀಲದ ಎಳೆಗಳು ಪುಡಿಯಾಗಿ ಮರಳು ಸೋರುತ್ತದೆ, ಆಗ ಬೇಲಿಯ ಭಾರ ಯಾರಿಗೂ ತಿಳಿಯದಂತೆ ಕಡಿಮೆಯಾಗುತ್ತದೆ; ಆದ್ದರಿಂದ ಚೀಲಗಳ ಬದಲು ಕಾಂಕ್ರೀಟ್ ದಿಮ್ಮಿಗಳನ್ನೋ ಕಲ್ಲಿನ ತುಂಡುಗಳನ್ನೋ ಇಡುವುದು ಮೇಲು.

ಕಾಲೂರುವ ನೆಲ ನಾಲ್ಕು ತಾಲ್ಲೂಕುಗಳಲ್ಲೂ ಒಂದೇ ತೆರನಾಗಿಲ್ಲ. ಚಿತ್ರದುರ್ಗ ನಗರದ ಅಂಚಿನಲ್ಲಿ ಬಂಡೆ ಮೇಲಕ್ಕೇ ಸಿಗುವೆಡೆ ಗುಣಿ ತೋಡುವುದು ಕಷ್ಟವಾದ್ದರಿಂದ ಬಂಡೆಗೆ ಡ್ರಿಲ್ ಮಾಡಿ ಬೋಲ್ಟ್ ಕೂರಿಸುವುದು ಅಥವಾ ಮೇಲೆಯೇ ಭಾರ ಹೇರುವುದು ದಾರಿ. ಹಿರಿಯೂರಿನ ವೇದಾವತಿ ಬಯಲಿನ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಕಂಬದ ಸುತ್ತ ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಉಬ್ಬಿ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿಯೆನಿಸಿದ ಕಂಬ ಮೊದಲ ಮಳೆಯ ನಂತರದ ಗಾಳಿಗೆ ವಾಲುವುದು ಈ ಮಣ್ಣಿನ ಗುಣ. ಅಲ್ಲಿ ಗುಣಿಯನ್ನು ಆಳ ಮಾಡಿ ಕಾಂಕ್ರೀಟ್ ತುಂಬಬೇಕು. ಹೊಸದುರ್ಗ, ಹೊಳಲ್ಕೆರೆಗಳ ಕೆಂಪು ಮಣ್ಣಿನಲ್ಲಿ ಕಂಬ ಚೆನ್ನಾಗಿ ಕೂರುತ್ತದೆಯಾದರೂ, ತೆಂಗು ಅಡಿಕೆ ತೋಟಗಳ ಮರೆಯಲ್ಲಿರುವ ನಿವೇಶನಕ್ಕೂ ಗುಡ್ಡದ ಮೇಲಿನ ನಿವೇಶನಕ್ಕೂ ಒಂದೇ ಅಳತೆ ಹಿಡಿಯಲಾಗದು. ಎಲ್ಲ ಕಡೆಯೂ ಪಾಲಿಸಬೇಕಾದದ್ದು, ಅಗೆದ ಗುಂಡಿಯ ಅಂಚಿನಲ್ಲೇ ಕಂಬ ನೆಡಬಾರದೆಂಬ ಎಚ್ಚರ.

ರಸ್ತೆ ಕಾಮಗಾರಿಯ ಸ್ಥಳಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಮಾರ್ಗಸೂಚಿಯಿದ್ದು, ತಡೆಗಳ ಬಣ್ಣ, ಸೂಚನಾಫಲಕ, ರಾತ್ರಿಯ ಪ್ರತಿಫಲಕಗಳನ್ನು ಅದು ವಿವರಿಸುತ್ತದೆ. ತಿರುವಿನಲ್ಲೂ ಕೂಡುರಸ್ತೆಯಲ್ಲೂ ಎದುರಿನ ವಾಹನ ಕಾಣಬೇಕಾದ್ದರಿಂದ ಅಲ್ಲಿ ತಗಡಿಗಿಂತ ಜಾಲರಿಯೇ ಸೂಕ್ತ. ಹೆದ್ದಾರಿಯ ಪಕ್ಕದ ಪ್ಲಾಸ್ಟಿಕ್ ತಡೆಗಳು ಒಳಗೆ ನೀರೋ ಮರಳೋ ತುಂಬಿದಾಗ ಮಾತ್ರ ನಿಲ್ಲುವಂಥವು. ನೀರಿಗೆ ತತ್ವಾರವಿರುವ ಊರಿನಲ್ಲಿ ಅವುಗಳನ್ನು ಖಾಲಿಯಾಗಿಟ್ಟರೆ ಲಾರಿಯ ಬೀಸಿಗೇ ಜಾರಿ ರಸ್ತೆಯ ನಡುವೆ ಬರುತ್ತವೆ.

ಗಾಳಿ ಬಂದಾಗ ತೂರಿಕೋ ಎಂಬುದು ಕಣದ ನೀತಿ. ಬೇಲಿಯ ಕೆಲಸವಾದರೋ ಗಾಳಿ ಬರುವ ಮೊದಲೇ ಮುಗಿದಿರಬೇಕು. ಏಪ್ರಿಲ್‌ಗೂ ಮೊದಲೇ ಪ್ರತಿ ಆಸರೆ, ಮೊಳೆ, ಭಾರಗಳನ್ನು ಪರೀಕ್ಷಿಸಿ, ಆಷಾಢ ಮುಗಿಯುವವರೆಗೆ ವಾರಕ್ಕೊಮ್ಮೆ ಸುತ್ತು ಹಾಕಿ ನೋಡುವ ಹೊಣೆಯನ್ನು ಹೆಸರು ಹೇಳಿ ಒಬ್ಬ ಮೇಸ್ತ್ರಿಗೆ ವಹಿಸಬೇಕು. ದೊಡ್ಡ ಕೊಂಬೆಗಳು ಅಲುಗಿ, ಕೊಡೆ ಹಿಡಿಯುವುದು ಕಷ್ಟವಾದರೆ ಗಾಳಿ ಗಂಟೆಗೆ 40 ಕಿಲೋಮೀಟರಿನ ಆಸುಪಾಸಿನಲ್ಲಿದೆ ಎಂದರ್ಥ. ಗಾಳಿಯ ಬಲವನ್ನು ಅಳೆಯುವ ಬ್ಯೂಫರ್ಟ್ ಮಾಪಕದ ಈ ಆರನೆಯ ಮೆಟ್ಟಿಲಲ್ಲಿ ಫ್ಲೆಕ್ಸು, ಟಾರ್ಪಾಲುಗಳನ್ನು ಇಳಿಸಿಬಿಡುವುದು ಜಾಣತನ, ಏಕೆಂದರೆ ವೇಗ ಅಲ್ಲಿಂದ ಇಮ್ಮಡಿಯಾಗುವ ಹೊತ್ತಿಗೆ ಕೈಹಾಕಲು ಸಮಯವಿರುವುದಿಲ್ಲ. ಟೆಂಡರಿನಲ್ಲಿ ಬೇಲಿಯನ್ನು ಒಟ್ಟಾರೆ ಖರ್ಚಿನೊಳಗೆ ಮುಳುಗಿಸದೆ ಎತ್ತರ, ಹೊದಿಕೆ, ಆಸರೆ, ಭಾರಗಳೊಂದಿಗೆ ಪ್ರತ್ಯೇಕವಾಗಿ ನಮೂದಿಸಿದರೆ ಗುತ್ತಿಗೆದಾರರಿಗೂ ಒಳ್ಳೆಯ ಬೇಲಿ ಹಾಕಲು ಕಾರಣ ಸಿಗುತ್ತದೆ. ಹಾಗೆ ಒಮ್ಮೆ ಮಾಡಿಸಿದ ಚೌಕಟ್ಟು, ಪೈಪು, ದಿಮ್ಮಿಗಳು ಮುಂದಿನ ಹಲವು ಕಾಮಗಾರಿಗಳಿಗೂ ಒದಗುವುದರಿಂದ, ಪ್ರತಿ ಮಳೆಗಾಲದಲ್ಲಿ ನುಜ್ಜಾದ ತಗಡನ್ನು ಗುಜರಿಗೆ ಹಾಕಿ ಹೊಸದು ಕೊಳ್ಳುವ ಖರ್ಚೂ ತಪ್ಪುತ್ತದೆ.