ಆರಿಸಬಾರದ ಬೆಂಕಿ

ಫ್ರಾನ್ಸಿನ ಲಿಯಾನ್ ನಗರದ ದಕ್ಷಿಣಕ್ಕೆ ಫೆಝಾಂ ಎಂಬ ಊರಿದೆ. ಅಲ್ಲೊಂದು ತೈಲ ಶುದ್ಧೀಕರಣಾಗಾರ. 1966ರ ಜನವರಿ 4ರ ಮುಂಜಾನೆ, ಇನ್ನೂ ಬೆಳಕು ಹರಿದಿರಲಿಲ್ಲ. ಪ್ರೊಪೇನ್ ತುಂಬಿದ್ದ ಭಾರೀ ಗೋಳಾಕಾರದ ಟ್ಯಾಂಕೊಂದರ ತಳದಲ್ಲಿ ಸೇರಿದ್ದ ನೀರನ್ನು ಹೊರಬಿಡುವ ಕೆಲಸ ನಡೆದಿತ್ತು. ಅಲ್ಲಿನವರಿಗೆ ಅದು ಮಾಮೂಲಿ ಕೆಲಸ. ಆದರೆ ಅಂದು ಎರಡು ವಾಲ್ವ್‌ಗಳನ್ನು ತೆರೆಯುವ ಕ್ರಮ ತಪ್ಪಿತು. ನೀರಿನ ಬೆನ್ನಿಗೇ ಪ್ರೊಪೇನ್ ನುಗ್ಗಿತು. ಒತ್ತಡ ತಪ್ಪಿದೊಡನೆ ಪ್ರೊಪೇನ್ ಕುದಿದು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಸುತ್ತಲಿನಿಂದ ಹೀರುತ್ತದೆ. ಹೀಗಾಗಿ ವಾಲ್ವ್ ಹಿಮಗಟ್ಟಿ ಕಚ್ಚಿಕೊಂಡಿತು. ಯಾರು ಎಷ್ಟು ತಿರುಗಿಸಿದರೂ ಮುಚ್ಚಲಿಲ್ಲ.

ಬಿಳಿ ಮಂಜಿನಂತೆ ಅನಿಲ ನೆಲ ಹಿಡಿದು ಹರಿಯಿತು. ಸುಮಾರು 150 ಮೀಟರ್ ಆಚೆಗಿದ್ದ ರಸ್ತೆಯಲ್ಲಿ ಕಾರೊಂದರಿಂದ ಅದಕ್ಕೆ ಕಿಡಿ ತಗುಲಿತು. ಬೆಂಕಿ ಅನಿಲ ಬಂದ ಹಾದಿಯಲ್ಲೇ ಹಿಂದಕ್ಕೋಡಿ ಟ್ಯಾಂಕಿನ ಬುಡ ಸೇರಿತು.

ಅಗ್ನಿಶಾಮಕ ದಳದವರು ಧಾವಿಸಿ ಬಂದರು. ಉರಿಯುತ್ತಿರುವ ಟ್ಯಾಂಕಿನ ನೆತ್ತಿಯ ಮೇಲೆ ಸುರಕ್ಷಾ ವಾಲ್ವ್ ಇದೆ, ಒತ್ತಡ ಹೆಚ್ಚಿದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ, ಆದ್ದರಿಂದ ಆ ಟ್ಯಾಂಕಿಗೆ ಅಪಾಯವಿಲ್ಲ ಎಂಬುದು ಅಲ್ಲಿದ್ದವರ ನಂಬಿಕೆ. ಇದ್ದ ನೀರನ್ನೆಲ್ಲ ಅಕ್ಕಪಕ್ಕದ ಟ್ಯಾಂಕುಗಳ ಮೇಲೆ ಸುರಿದರು. ಸುರಕ್ಷಾ ವಾಲ್ವ್ ತನ್ನ ಕೆಲಸ ಮಾಡಿತು, ತೆರೆದುಕೊಂಡಿತು. ಆದರೂ ಬೆಂಕಿ ಹೊತ್ತಿದ ಸುಮಾರು ಒಂದೂವರೆ ಗಂಟೆಗೆ ಟ್ಯಾಂಕು ಸಿಡಿಯಿತು. ಸತ್ತವರು 18 ಮಂದಿ. ಅವರಲ್ಲಿ ಹೆಚ್ಚಿನವರು ಬೆಂಕಿ ನಂದಿಸಲು ಬಂದವರೇ.

ಒತ್ತಡದಲ್ಲಿ ತುಂಬಿಟ್ಟ ಉರಿಯುವ ಅನಿಲದ ಅವಘಡಗಳನ್ನು ಎದುರಿಸುವ ವಿದ್ಯೆ ಇಂಥ ಸಾವುಗಳಿಂದ ಕಲಿತದ್ದು. ಅದರ ಮೊದಲ ಪಾಠವೇ ಸಾಮಾನ್ಯ ತಿಳಿವಳಿಕೆಗೆ ತದ್ವಿರುದ್ಧ. ಬೆಂಕಿ ಕಂಡರೆ ಆರಿಸಲು ಹೋಗಬಾರದು. ಬೆಂಕಿ ಕಾಣದಿದ್ದರೆ ಇನ್ನೂ ಹೆಚ್ಚು ಹೆದರಬೇಕು!

ಕುಕ್ಕರಿನ ಸೀಟಿ ಸಾಲದು

ಸುರಕ್ಷಾ ವಾಲ್ವ್ ತೆರೆದಿದ್ದರೂ ಟ್ಯಾಂಕು ಏಕೆ ಸಿಡಿಯಬೇಕು? ಪ್ರೆಷರ್ ಕುಕ್ಕರಿನ ಸೀಟಿ ಹಬೆಯನ್ನು ಹೊರಬಿಡಬಲ್ಲದು, ನಿಜ. ಆದರೆ ಕುಕ್ಕರಿನ ಲೋಹವೇ ಮೆತ್ತಗಾದರೆ ಅದು ಏನು ಮಾಡೀತು? ಶಾಲೆಯಲ್ಲಿ ಮಾಡಿ ತೋರಿಸುವ ಪ್ರಯೋಗವೊಂದಿದೆ. ಕಾಗದದ ದೊನ್ನೆಯಲ್ಲಿ ನೀರು ತುಂಬಿ ದೀಪದ ಮೇಲೆ ಹಿಡಿದರೆ ನೀರು ಬಿಸಿಯಾಗುತ್ತದೆ, ಕಾಗದ ಸುಡುವುದಿಲ್ಲ. ನೀರು ಶಾಖವನ್ನು ಎಳೆದುಕೊಳ್ಳುವುದೇ ಕಾರಣ. ಟ್ಯಾಂಕಿನಲ್ಲೂ ಹಾಗೆಯೇ. ದ್ರವ ತಾಗಿರುವ ಕೆಳಭಾಗದ ಉಕ್ಕು ಬೇಗ ಕಾಯುವುದಿಲ್ಲ. ಮೇಲ್ಭಾಗದಲ್ಲಿ ಇರುವುದು ಬರೀ ಆವಿ. ಅಲ್ಲಿಗೆ ಜ್ವಾಲೆ ತಾಗಿತೆಂದರೆ ಉಕ್ಕಿನ ಶಾಖವನ್ನು ಹೀರಿಕೊಳ್ಳುವವರಿಲ್ಲ. 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬರುವಷ್ಟರಲ್ಲಿ ಉಕ್ಕು ತನ್ನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಸುರಕ್ಷಾ ವಾಲ್ವ್ ಹಿಡಿದಿಟ್ಟಿರುವ ಒತ್ತಡವನ್ನು ತಾಳಲೂ ಅದಕ್ಕೆ ಆಗದು. ಉಕ್ಕು ಉಬ್ಬಿ ಸೀಳುತ್ತದೆ. ಒಳಗಿನ ದ್ರವವೆಲ್ಲ ಒಂದೇ ಕ್ಷಣದಲ್ಲಿ ಕುದಿದು ಆವಿಯಾಗಿ, ಹೊತ್ತಿಕೊಂಡು ಬೆಂಕಿಯ ಚೆಂಡಾಗಿ ಏಳುತ್ತದೆ. ತಜ್ಞರು ಇದಕ್ಕೆ ‘ಬ್ಲೆವಿ’ ಎನ್ನುತ್ತಾರೆ. ಮುದ್ದಾದ ಹೆಸರು, ಆದರೆ ಟ್ಯಾಂಕಿನ ಚೂರುಗಳು ನೂರಾರು ಮೀಟರ್ ದೂರ ಹಾರಿ ಬೀಳುತ್ತವೆ.

ಅದಕ್ಕೆ ಒಂದೂವರೆ ಗಂಟೆ ಬೇಕೆಂದೇನೂ ಇಲ್ಲ. ಅಮೆರಿಕದ ಅರಿಝೋನಾ ರಾಜ್ಯದ ಕಿಂಗ್‌ಮನ್‌ನಲ್ಲಿ 1973ರ ಜುಲೈ 5ರಂದು ರೈಲ್ವೆ ವ್ಯಾಗನ್ನಿನಿಂದ ಪ್ರೊಪೇನ್ ಇಳಿಸುವಾಗ ಸೋರಿ ಬೆಂಕಿ ಹತ್ತಿತು. ಊರಿನ ಅಗ್ನಿಶಾಮಕ ದಳದವರು, ಬಹುಪಾಲು ಸ್ವಯಂಸೇವಕರು, ಕೂಡಲೇ ಬಂದರು. ವ್ಯಾಗನ್ನನ್ನು ತಣಿಸಲು ಕೊಳವೆಗಳನ್ನು ಜೋಡಿಸುತ್ತಿದ್ದರು. ಬೆಂಕಿ ಹತ್ತಿ ಇಪ್ಪತ್ತು ನಿಮಿಷ ತುಂಬುವ ಮೊದಲೇ ವ್ಯಾಗನ್ ಸಿಡಿಯಿತು. 11 ಮಂದಿ ಅಗ್ನಿಶಾಮಕರು ಸತ್ತರು. ತಡವಾಗಿ ಬಂದರೆಂದು ಅವರನ್ನು ಯಾರೂ ದೂರುವಂತಿರಲಿಲ್ಲ. ಅವರಿಗೆ ಸಮಯವೇ ಇರಲಿಲ್ಲ.

ಇಂದು ಜಗತ್ತಿನೆಲ್ಲೆಡೆ ಪಾಲಿಸುವ ಕ್ರಮ ಹೀಗಿದೆ. ಸೋರಿಕೆಯನ್ನು ನಿಲ್ಲಿಸಲು ಸಾಧ್ಯವಿದ್ದರೆ ಮಾತ್ರ ಜ್ವಾಲೆಯನ್ನು ಆರಿಸಬೇಕು. ಇಲ್ಲವಾದರೆ ಉರಿಯಲು ಬಿಡಬೇಕು. ಉರಿಯುತ್ತಿರುವ ಅನಿಲ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆರಿಸಿದ ಮೇಲೆ ಸೋರುವ ಅನಿಲ ಎಲ್ಲಿ ಹರಿದು, ಯಾವ ಒಲೆಯ ಬುಡ ಸೇರೀತೆಂದು ಹೇಳುವವರಾರು? ನೀರು ಬೀಳಬೇಕಾದದ್ದು ಬೆಂಕಿಯ ಮೇಲಲ್ಲ, ಟ್ಯಾಂಕಿನ ಮೈಮೇಲೆ. ಅದೂ ಜ್ವಾಲೆ ತಾಗುತ್ತಿರುವ ಜಾಗದ ಮೇಲೆ. ಸೋರುವ ಬಾಯಿಗೂ ಸುರಕ್ಷಾ ವಾಲ್ವಿಗೂ ನೀರು ಹೊಡೆಯಬಾರದು, ಹಿಮಗಟ್ಟಿ ಕಚ್ಚಿಕೊಂಡೀತು. ವಾಲ್ವಿನ ಶಬ್ದ ಏರತೊಡಗಿದರೆ, ಟ್ಯಾಂಕಿನ ಬಣ್ಣ ಬದಲಾದರೆ, ಎಲ್ಲವನ್ನೂ ಅಲ್ಲೇ ಬಿಟ್ಟು ಓಡಬೇಕು. ಓಡುವುದು ಇಲ್ಲಿ ಹೇಡಿತನವಲ್ಲ. ಬೆಂಕಿಗೆ ಸಿಕ್ಕಿದ ಟ್ಯಾಂಕರಿನ ಸುತ್ತ ಎಲ್ಲ ದಿಕ್ಕಿಗೂ 1,600 ಮೀಟರ್ ಜಾಗ ಖಾಲಿ ಮಾಡಿಸಬೇಕೆಂದು ಅಮೆರಿಕದ ತುರ್ತು ಕೈಪಿಡಿ ಹೇಳುತ್ತದೆ. ಒಂದು ಮೈಲಿ!

ಇನ್ನು ನೀರಿನ ಲೆಕ್ಕ. ಜ್ವಾಲೆ ತಾಗುವ ಒಂದೊಂದು ಜಾಗಕ್ಕೂ ನಿಮಿಷಕ್ಕೆ ಸುಮಾರು 1,900 ಲೀಟರ್ ಬೇಕೆಂಬುದು ಅಲ್ಲಿಯದೇ ಅಂದಾಜು. ನಮ್ಮ ಅಗ್ನಿಶಾಮಕ ವಾಹನಗಳಲ್ಲಿ ಸಾಮಾನ್ಯವಾಗಿ ಹಿಡಿಸುವುದು 4,500 ಲೀಟರ್. ಎರಡೂವರೆ ನಿಮಿಷಕ್ಕೂ ಸಾಲದು. ಶಿರಾಡಿ ಘಾಟಿಯ ತಿರುವಿನಲ್ಲಿ ಟ್ಯಾಂಕರಿಗೆ ಬೆಂಕಿ ಬಿದ್ದಿದೆ ಎಂದಾದರೆ, ಪಕ್ಕದ ಹೊಳೆಯಿಂದ ನೀರೆತ್ತುವ ಏರ್ಪಾಡು ಆಗುವವರೆಗೆ ದಳದವರು ಮಾಡಬಹುದಾದದ್ದು ಜನರನ್ನು ದೂರ ಸಾಗಿಸುವುದೊಂದೇ.

ಬೆಂಕಿಯಿಲ್ಲದಾಗ

ಘಾಟಿಯ ಮಾತು ಬರೀ ಕಲ್ಪನೆಯಲ್ಲ. ನವಮಂಗಳೂರು ಬಂದರಿಗೆ ಹಡಗುಗಳಲ್ಲಿ ಬರುವ ಅಡುಗೆ ಅನಿಲ ಟ್ಯಾಂಕರುಗಳಲ್ಲಿ ಕರಾವಳಿ ಹೆದ್ದಾರಿಯಲ್ಲೂ ಬೆಂಗಳೂರಿನ ಹೆದ್ದಾರಿಯಲ್ಲೂ ಸಾಗುತ್ತ ಬಂದಿದೆ. ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಎಚ್‌ಪಿಸಿಎಲ್ ಕೊಳವೆ ಮಾರ್ಗ ಹಾಕಿದ ಮೇಲೂ ಟ್ಯಾಂಕರುಗಳು ಮಾಯವಾಗಿಲ್ಲ. ಒಂದೊಂದರಲ್ಲಿ 18 ಟನ್‌ನಷ್ಟು ಅನಿಲ. ಮನೆಯ 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ 1,200ಕ್ಕೂ ಹೆಚ್ಚು ಸಿಲಿಂಡರುಗಳು ಒಂದೇ ಲಾರಿಯ ಮೇಲೆ!

2012ರ ಆಗಸ್ಟ್ 27ರ ರಾತ್ರಿ, ಓಣಂ ಸಮಯ. ಮಂಗಳೂರಿನಿಂದ ಹೊರಟ ಟ್ಯಾಂಕರೊಂದು ಕಣ್ಣೂರು ಬಳಿಯ ಚಾಲದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಮಗುಚಿತು. ಸೋರಿದ ಅನಿಲ ಮನೆಗಳತ್ತ ಹರಿದು ಹೊತ್ತಿಕೊಂಡಿತು. 20 ಮಂದಿ ತೀರಿಕೊಂಡರು. ಮರುವರ್ಷ, 2013ರ ಏಪ್ರಿಲ್ 9ರಂದು, ಬೆಂಗಳೂರು ಹೆದ್ದಾರಿಯಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅದೇ ಕಥೆ. ಟ್ಯಾಂಕರ್ ಉರುಳಿತು, ಅನಿಲ ಹರಡಿತು, ರಸ್ತೆ ಬದಿಯ ಮನೆಗಳಲ್ಲಿದ್ದವರೂ ಬೆಂಕಿಗೆ ಆಹುತಿಯಾದರು. 2024ರ ಡಿಸೆಂಬರ್ 20ರ ಮುಂಜಾನೆ ಜೈಪುರದ ಅಜ್ಮೀರ್ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದ ಟ್ಯಾಂಕರಿಗೆ ಲಾರಿ ಗುದ್ದಿ ವಾಲ್ವ್‌ಗಳು ಮುರಿದವು. ಅನಿಲ ರಸ್ತೆಯುದ್ದಕ್ಕೂ ಹಬ್ಬಿತು. ಸಾಲಾಗಿ ನಿಂತಿದ್ದ ಹತ್ತಾರು ವಾಹನಗಳು ಸುಟ್ಟವು. ಈ ಮೂರರಲ್ಲೂ ಕೊಂದದ್ದು ಕಿಡಿಗೆ ಮೊದಲು ಹರಡಿಕೊಂಡ ಅನಿಲ. ಆ ಕೆಲವು ನಿಮಿಷಗಳಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಡುಗೆ ಅನಿಲದ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲೇರಿ ಚದುರಿಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕುತ್ತದೆ. ಚರಂಡಿ, ಮೋರಿ, ಗದ್ದೆಯ ತಗ್ಗು, ಬಾವಿ, ಕರಾವಳಿಯ ಇಳಿಜಾರಿನ ಕೆಳಗಿನ ಮನೆಗಳು. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಸಾಕು, ಕಿಡಿಗೆ ಕಾಯುತ್ತಿರುತ್ತದೆ. ಆ ಕಿಡಿಗೇನು ಬರ? ಬಚ್ಚಲ ಒಲೆ, ದೇವರ ದೀಪ, ಸ್ಕೂಟರಿನ ಪ್ಲಗ್ಗು, ಫ್ರಿಜ್ಜು ತಾನಾಗಿ ಚಾಲೂ ಆಗುವಾಗಿನ ಸಣ್ಣ ಮಿಣುಕು.

ಆದ್ದರಿಂದ ಟ್ಯಾಂಕರ್ ಮಗುಚಿ ವಾಸನೆ ಬಂದರೆ ಮಾಡಬೇಕಾದ ಮೊದಲ ಕೆಲಸ ಎರಡೂ ಕಡೆಯಿಂದ ವಾಹನಗಳನ್ನು ತಡೆಯುವುದು. ವಿದ್ಯುತ್ ಕಂಪನಿಗೆ ಹೇಳಿ ಆ ಭಾಗದ ಸರಬರಾಜನ್ನು ದೂರದಿಂದಲೇ ಕಡಿಸುವುದು. ಒಲೆಗಳನ್ನು ಆರಿಸಿ ಜನರನ್ನು ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಕಳುಹಿಸುವುದು. ದಳದವರು ನೀರನ್ನು ಸಣ್ಣ ತುಂತುರಾಗಿ ಸಿಂಪಡಿಸಿ ಅನಿಲವನ್ನು ತೆಳುವಾಗಿಸುತ್ತಾರೆ, ಮನೆಗಳ ಕಡೆ ಹೋಗದಂತೆ ನೀರಿನ ಪರದೆ ಕಟ್ಟುತ್ತಾರೆ. ನೆಲದ ಮೇಲೆ ಮಡುಗಟ್ಟಿದ ದ್ರವಕ್ಕೆ ಮಾತ್ರ ನೀರು ಬೀಳಬಾರದು. ನೀರಿನ ಶಾಖವೇ ಸಾಕು, ಅದು ಮತ್ತಷ್ಟು ಬೇಗ ಕುದಿಯಲು. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ!

ಈ ಕೆಲಸಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ನೋಡಲು ಬರುವ ಜನ. ಹಿಂದೆ ಸೈಕಲ್ಲೇರಿ ಬರುತ್ತಿದ್ದರು, ಈಗ ಮೋಟಾರ್ ಸೈಕಲ್ಲಿನಲ್ಲಿ ಬಂದು ಮೊಬೈಲು ಎತ್ತಿ ಹಿಡಿಯುತ್ತಾರೆ. ಬಿಳಿ ಮೋಡದ ಅಂಚೇ ಅನಿಲದ ಅಂಚು ಎಂದುಕೊಳ್ಳುತ್ತಾರೆ. ಕಾಣುವುದು ತಣ್ಣಗಾದ ಗಾಳಿಯ ತೇವಾಂಶ ಮಾತ್ರ. ಅನಿಲಕ್ಕೆ ಬಣ್ಣವೂ ಇಲ್ಲ, ತನ್ನದೇ ಆದ ವಾಸನೆಯೂ ಇಲ್ಲ. ಮೂಗಿಗೆ ತಿಳಿಯಲೆಂದೇ ಮರ್ಕ್ಯಾಪ್ಟಾನ್ ಎಂಬ ದುರ್ನಾತದ ವಸ್ತುವನ್ನು ಬೆರೆಸಿರುತ್ತಾರೆ.

ಟ್ಯಾಂಕರಿನ ಮೈಮೇಲೆ ಒಂದು ಫಲಕ ಇರುವುದನ್ನು ಓದುಗರು ಗಮನಿಸಿರಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಇರಲೇಬೇಕು. ಅದರಲ್ಲಿ 1075 ಎಂದಿದ್ದರೆ ಒಳಗಿರುವುದು ಅಡುಗೆ ಅನಿಲ ಎಂದರ್ಥ. ಮೇಲಿನ ಸಂಕೇತದಲ್ಲಿ 2 ಎಂಬ ಅಂಕಿ ನೀರನ್ನು ತುಂತುರಾಗಿ ಬಳಸಿರೆನ್ನುತ್ತದೆ. ಕೊನೆಯ ‘ಇ’ ಅಕ್ಷರ ಜನರನ್ನು ತೆರವು ಮಾಡುವುದನ್ನು ಯೋಚಿಸಿ ಎನ್ನುತ್ತದೆ. ತುರ್ತು ದೂರವಾಣಿಯೂ ಅಲ್ಲೇ ಇರುತ್ತದೆ. ದೂರದಿಂದ ಆ ಫಲಕ ಓದಿ 112ಕ್ಕೆ ತಿಳಿಸುವ ಒಬ್ಬ ಹೋಟೆಲ್ ಮಾಲೀಕ, ಹತ್ತಿರ ಹೋಗಿ ಸಾಹಸ ಮಾಡುವ ಹತ್ತು ಜನರಿಗಿಂತ ಮೇಲು.

ಮನೆಯೊಳಗಿನ ಸೋರಿಕೆಗೂ ಇದೇ ಕ್ರಮ, ಅಳತೆ ಮಾತ್ರ ಚಿಕ್ಕದು. ರಾತ್ರಿ ವಾಸನೆ ಬಂದರೆ ದೀಪ ಹಾಕಬಾರದು, ಉರಿಯುತ್ತಿದ್ದರೆ ಆರಿಸಲೂಬಾರದು. ಸ್ವಿಚ್ಚಿನ ಕಿಡಿಗೆ ಎರಡೂ ಒಂದೇ. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಬೆಂಕಿ ಹೊತ್ತದೆ ಉಳಿದ ಟ್ಯಾಂಕರಿನ ಕಥೆ ಪತ್ರಿಕೆಗಳಲ್ಲಿ ‘ಸಂಚಾರ ಅಸ್ತವ್ಯಸ್ತ’ ಎಂಬ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಅಲ್ಲಿ ಕಂಪನಿಯ ತಂತ್ರಜ್ಞರು ಸ್ಥಿರ ವಿದ್ಯುತ್ತಿನ ಕಿಡಿ ಏಳದಂತೆ ವಾಹನಗಳನ್ನು ಭೂಮಿಗೆ ತಂತಿಯಿಂದ ಬೆಸೆದು, ಉರುಳಿದ ಟ್ಯಾಂಕರಿನ ಅನಿಲವನ್ನು ಖಾಲಿ ಟ್ಯಾಂಕರುಗಳಿಗೆ ನಿಧಾನವಾಗಿ ಹರಿಸುತ್ತಾರೆ. ಗಂಟೆಗಟ್ಟಲೆ ಹಿಡಿಯುತ್ತದೆ. ಬಸ್ಸುಗಳಲ್ಲಿ ಕಾದು ಕುಳಿತವರು ಗೊಣಗುತ್ತಾರೆ. ಬರಿದಾದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದಾದ್ದರಿಂದ ಕ್ರೇನು ಅದನ್ನು ಎತ್ತುವಾಗಲೂ ನೀರಿನ ಕೊಳವೆ ಹಿಡಿದವರು ಕದಲುವುದಿಲ್ಲ. ಕೊನೆಗೊಬ್ಬ ಅನಿಲಮಾಪಕ ಹಿಡಿದು ರಸ್ತೆ ಬದಿಯ ಮೋರಿಯೊಳಕ್ಕೆ ಬಗ್ಗಿ ನೋಡುತ್ತಾನೆ. ಮುಂದಿನ ಚರಂಡಿ, ಅದರ ಮುಂದಿನ ಬಾವಿ. ಮುಳ್ಳು ಸೊನ್ನೆಯಲ್ಲೇ ನಿಂತರೆ ಪೊಲೀಸರು ಹಗ್ಗ ಬಿಚ್ಚುತ್ತಾರೆ.